ಅಸಲಿ ಚೈನೀಸ್ ಊಟ ಮತ್ತು ನಮ್ಮ ಹೆದ್ದಾರಿಯ ಹೋಟೆಲುಗಳು

ನೆಲಮಂಗಲದಿಂದ ದಾಬಸ್‌ಪೇಟೆಯ ಕಡೆಗೆ, ದೇವನಹಳ್ಳಿಯಿಂದ ಚಿಕ್ಕಬಳ್ಳಾಪುರದ ಕಡೆಗೆ, ಹೊಸಕೋಟೆಯಿಂದ ಕೋಲಾರದ ಕಡೆಗೆ ಯಾವ ಹೆದ್ದಾರಿಯನ್ನು ಹಿಡಿದು ಹೊರಟರೂ ಹೋಟೆಲುಗಳ ನಾಮಫಲಕಗಳಲ್ಲಿ ಮೂರು ಪದಗಳು ತಪ್ಪದೇ ಕಾಣಿಸುತ್ತವೆ: ಸೌತ್ ಇಂಡಿಯನ್, ನಾರ್ತ್ ಇಂಡಿಯನ್, ಚೈನೀಸ್. ಇತ್ತೀಚಿನ ವರ್ಷಗಳಲ್ಲಿ ಮೂರನೆಯ ಪದದ ಹಿಂದೆ ‘ಅಥೆಂಟಿಕ್’ ಎಂಬ ಇನ್ನೊಂದು ವಿಶೇಷಣವೂ ಸೇರಿಕೊಂಡಿದೆ. ಮೊದಲಿನ ಎರಡು ಪದಗಳ ಬಗ್ಗೆ ನನಗೆ ತಕರಾರಿಲ್ಲ. ಮೂರನೆಯದರ ಬಗ್ಗೆ, ಅದರಲ್ಲೂ ಅದರ ಹಿಂದಿನ ವಿಶೇಷಣದ ಬಗ್ಗೆ, ವರ್ತಕರಾದ ನಾವು ಸ್ವಲ್ಪ ಯೋಚಿಸಬೇಕಾದ ಕಾಲ ಬಂದಿದೆ ಎಂಬುದು ಈ ಲೇಖನದ ಆಶಯ. ವಾಣಿಜ್ಯ ಪತ್ರಿಕೆಯಲ್ಲಿ ಊಟ ತಿಂಡಿಯ ಮಾತೇಕೆ ಎಂದು ಕೆಲವು ಸದಸ್ಯರು ಕೇಳಬಹುದು. ಸರಕಿನ ಮೇಲೆ ಬರೆದ ಹೆಸರಿಗೂ ಸರಕಿಗೂ ಸಂಬಂಧ ಇರಬೇಕೆಂಬುದು ವಾಣಿಜ್ಯದ ಮೊದಲ ಪಾಠವಾದ್ದರಿಂದ ಈ ವಿಷಯ ಇಲ್ಲಿಗೇ ಸಲ್ಲುತ್ತದೆ.

ನಮ್ಮ ಜಿಲ್ಲೆಯಲ್ಲಿ ‘ಚೈನೀಸ್’ ಎಂದರೆ ಏನೆಂಬುದು ಎಲ್ಲರಿಗೂ ತಿಳಿದದ್ದೇ. ಗೋಬಿ ಮಂಚೂರಿ, ನೂಡಲ್ಸ್, ಫ್ರೈಡ್ ರೈಸ್, ‘ಷೆಜ್ವಾನ್’ ಎಂಬ ಕೆಂಪು ಖಾರ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಿಂದ ಹಿಡಿದು ಹವಾನಿಯಂತ್ರಿತ ಫ್ಯಾಮಿಲಿ ರೆಸ್ಟೋರೆಂಟಿನವರೆಗೆ ಇದೇ ಪಟ್ಟಿ. ಈ ಪಟ್ಟಿಯ ಮೂಲವನ್ನು ಹುಡುಕಿಕೊಂಡು ಹೋದರೆ ನಾವು ಚೀನಾವನ್ನು ತಲುಪುವುದಿಲ್ಲ, ಕಲ್ಕತ್ತೆ ಮತ್ತು ಮುಂಬಯಿಯನ್ನು ತಲುಪುತ್ತೇವೆ. ಮಂಚೂರಿ ಎಂಬ ತಿನಿಸು ಕಲ್ಕತ್ತೆಯಲ್ಲಿ ಜನಿಸಿದ ಚೀನೀ ಮೂಲದ ಬಾಣಸಿಗ ನೆಲ್ಸನ್ ವಾಂಗ್ ಅವರು 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದ ಅಡುಗೆಮನೆಯಲ್ಲಿ ಮೊದಲು ಸಿದ್ಧಪಡಿಸಿದ್ದು ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಗ್ರಾಹಕರೊಬ್ಬರು ಹೊಸದೇನಾದರೂ ಕೊಡಿ ಎಂದಾಗ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿಯ ಒಗ್ಗರಣೆಗೆ ಗರಂ ಮಸಾಲೆಯ ಬದಲು ಸೋಯಾ ಸಾಸ್ ಮತ್ತು ಕಾರ್ನ್‌ಫ್ಲೋರ್ ಹಾಕಿದರಂತೆ. ಅದು ಕೋಳಿಮಾಂಸದ ತಿನಿಸು. ಸಸ್ಯಾಹಾರಿ ಗಿರಾಕಿಗಳಿಗಾಗಿ ಕೋಳಿಯ ಜಾಗಕ್ಕೆ ಹೂಕೋಸು ಬಂದದ್ದು ಆಮೇಲಿನ ಮಾತು. ಆ ಹೂಕೋಸಾದರೂ 1822ರಲ್ಲಿ ಇಂಗ್ಲೆಂಡಿನಿಂದ ಸಹಾರನ್‌ಪುರದ ಕಂಪನಿ ತೋಟಕ್ಕೆ ಬಂದ ಬೆಳೆ. ಹಾಗಾಗಿ ಗೋಬಿ ಮಂಚೂರಿಯಲ್ಲಿ ಚೀನಾದ ಪಾಲು ಎಷ್ಟೆಂದರೆ, ಬಾಣಲೆ ಮತ್ತು ಒಂದು ಚಮಚ ಸೋಯಾ ಸಾಸ್. ಮಂಚೂರಿಯಾ ಪ್ರಾಂತ್ಯದವರು ಇದನ್ನು ಕಂಡರೆ ತಮ್ಮ ಊರಿನ ಹೆಸರು ಇಲ್ಲಿಗೆ ಹೇಗೆ ಬಂತೆಂದು ಕೇಳಿಯಾರು.

ನಮ್ಮ ಭಾಷೆಗೆ ಇದು ಹೊಸತೂ ಅಲ್ಲ. ಸಿಹಿಗುಂಬಳಕ್ಕೆ ನಮ್ಮ ಕೆಲವು ಸೀಮೆಗಳಲ್ಲಿ ಚೀನಿಕಾಯಿ ಎನ್ನುತ್ತಾರೆ. ಅದರ ತವರು ಅಮೆರಿಕ ಖಂಡ. ದೂರದಿಂದ ಬಂದದ್ದಕ್ಕೆಲ್ಲ ಚೀನಿ ಎಂದು ಕರೆಯುವ ರೂಢಿ ಹಿಂದೆ ಇದ್ದಿರಬೇಕು.

ಕಲ್ಕತ್ತೆಯ ಚೀನೀಯರ ಕಥೆ ವರ್ತಕರಿಗೆ ತಿಳಿದಿರಬೇಕಾದದ್ದು. 18ನೇ ಶತಮಾನದ ಕೊನೆಯಲ್ಲಿ ಅಲ್ಲಿಗೆ ಬಂದು ಸಕ್ಕರೆ ಕಾರ್ಖಾನೆ ತೆರೆದ ವ್ಯಾಪಾರಿಯ ಹೆಸರಿನಿಂದಲೇ ಅಚಿಪುರ ಎಂಬ ಊರು ಇಂದಿಗೂ ಇದೆ. ಅನಂತರ ಬಂದವರಲ್ಲಿ ಗ್ವಾಂಗ್‌ಡಾಂಗ್ ಪ್ರಾಂತ್ಯದ ಹಕ್ಕಾ ಜನ ತಾಂಗ್ರಾದ ಬಯಲಿನಲ್ಲಿ ಚರ್ಮ ಹದ ಮಾಡುವ ಉದ್ದಿಮೆ ಕಟ್ಟಿದರು. 1962ರ ಯುದ್ಧದ ವೇಳೆ ಸುಮಾರು 3,000 ಚೀನೀ ಮೂಲದವರನ್ನು ರಾಜಸ್ಥಾನದ ದೇವಳಿಯ ಶಿಬಿರದಲ್ಲಿ ಇರಿಸಲಾಯಿತು. ಬಿಡುಗಡೆಯಾದ ಎಷ್ಟೋ ಕುಟುಂಬಗಳು ದೇಶ ಬಿಟ್ಟು ಹೊರಟುಹೋದವು. ಉಳಿದವರ ಚರ್ಮೋದ್ಯಮಕ್ಕೆ 1996ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶ ಬಂದು, ಮಾಲಿನ್ಯದ ಕಾರಣಕ್ಕೆ ಘಟಕಗಳು ಊರ ಹೊರಗಿನ ಬಂಟಾಲಕ್ಕೆ ಸ್ಥಳಾಂತರಗೊಳ್ಳಬೇಕಾಯಿತು. ಆಗ ಹಲವರು ಚರ್ಮದ ಶೆಡ್ಡುಗಳನ್ನೇ ಹೋಟೆಲುಗಳನ್ನಾಗಿ ಪರಿವರ್ತಿಸಿದರು. ಒಂದು ಉದ್ದಿಮೆ ಕೈಬಿಟ್ಟಾಗ ಮನೆಯ ಅಡುಗೆಯನ್ನೇ ಬಂಡವಾಳ ಮಾಡಿಕೊಂಡು, ಬಂಗಾಳಿ ಗಿರಾಕಿಯ ನಾಲಿಗೆಗೆ ಹೊಂದಿಸಿ, ಇಡೀ ದೇಶಕ್ಕೆ ಒಂದು ಹೊಸ ರುಚಿಯನ್ನೇ ಮಾರಿದರು. ಇದನ್ನು ನಕಲಿ ಎನ್ನಲು ನನಗೆ ಮನಸ್ಸು ಬಾರದು. ಇದು ಭಾರತದಲ್ಲಿ ಹುಟ್ಟಿದ, ಭಾರತಕ್ಕೇ ಸೇರಿದ ಅಡುಗೆ.

ಹಾಗಾದರೆ ತೊಂದರೆ ಎಲ್ಲಿ? ನಮ್ಮ ಜಿಲ್ಲೆಗೆ ಈಗ ನಿಜವಾದ ಚೀನೀ ಊಟ ಬೇಕಾದವರು ಬರತೊಡಗಿದ್ದಾರೆ. ತೊಂದರೆ ಅಲ್ಲಿದೆ.

2008ರ ಮೇ 24ರಂದು ದೇವನಹಳ್ಳಿಯ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿದ ಮೇಲೆ ಈ ಭಾಗದ ಚಹರೆ ಬದಲಾದದ್ದನ್ನು ನಾವೆಲ್ಲ ಕಂಡಿದ್ದೇವೆ. ತೈವಾನಿನ ಫಾಕ್ಸ್‌ಕಾನ್ ಸಂಸ್ಥೆ ದೇವನಹಳ್ಳಿ ತಾಲ್ಲೂಕಿನ ದೊಡ್ಡಗೊಲ್ಲಹಳ್ಳಿ, ಚಪ್ಪರದಹಳ್ಳಿಗಳ 300 ಎಕರೆ ಪ್ರದೇಶದಲ್ಲಿ ಕಾರ್ಖಾನೆ ಕಟ್ಟಿ, 2025ರಲ್ಲಿ ಐಫೋನ್ ತಯಾರಿಕೆ ಆರಂಭಿಸಿತು. ಅದೇ ವರ್ಷ ಜುಲೈಯಲ್ಲಿ ಆ ಸಂಸ್ಥೆಯ ಭಾರತೀಯ ಘಟಕಗಳಿಂದ 300ಕ್ಕೂ ಹೆಚ್ಚು ಚೀನೀ ಇಂಜಿನಿಯರುಗಳು ಮರಳಿ ಹೋದರೆಂದೂ, ಅವರ ಸ್ಥಾನಕ್ಕೆ ತೈವಾನಿನವರನ್ನು ಕರೆತರಲಾಗುತ್ತಿದೆಯೆಂದೂ ಪತ್ರಿಕೆಗಳು ವರದಿ ಮಾಡಿದವು. ಹೊಸಕೋಟೆಯಾಚೆಯ ನರಸಾಪುರದಲ್ಲಿ ತೈವಾನಿನದೇ ಆದ ವಿಸ್ಟ್ರಾನ್ ಕಟ್ಟಿದ ಘಟಕವನ್ನು 2023ರಲ್ಲಿ ಟಾಟಾ ಸಮೂಹ ಕೊಂಡುಕೊಂಡಿತು. ಇವು ದೊಡ್ಡವರ ಮಾತು. ನಮ್ಮ ಸದಸ್ಯರಲ್ಲಿ ಎಷ್ಟೋ ಮಂದಿ ಚೀನಾದಿಂದ ಯಂತ್ರ ತರಿಸುತ್ತಾರೆ. ಅದನ್ನು ಕೂರಿಸಿ ಚಾಲನೆಗೊಳಿಸಲು ಅಲ್ಲಿನ ತಂತ್ರಜ್ಞರು ಬಂದು ಹತ್ತು ಹದಿನೈದು ದಿನ ಇದ್ದು ಹೋಗುತ್ತಾರೆ. 2020ರ ಬಳಿಕ ಇದು ಬಹುತೇಕ ನಿಂತುಹೋಗಿ, ಯಂತ್ರ ಬಂದರೂ ಕೂರಿಸುವವರು ಬಾರದೆ ಹಲವರು ಕಷ್ಟಪಟ್ಟರು. 2025ರ ಜುಲೈಯಲ್ಲಿ ಚೀನೀ ಪ್ರವಾಸಿಗರಿಗೆ ವೀಸಾ ನೀಡುವುದು, ಅಕ್ಟೋಬರಿನಲ್ಲಿ ಎರಡು ದೇಶಗಳ ನಡುವಿನ ನೇರ ವಿಮಾನ ಸಂಚಾರ, ಎರಡೂ ಪುನರಾರಂಭಗೊಂಡವು. ಬರುವವರ ಸಂಖ್ಯೆ ಮತ್ತೆ ಏರಿದರೆ ಆಶ್ಚರ್ಯವಿಲ್ಲ.

ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದಲ್ಲಿ ಪ್ಲಾಸ್ಟಿಕ್ ಅಚ್ಚಿನ ಘಟಕ ನಡೆಸುವ ಹಿರಿಯ ಮಿತ್ರರೊಬ್ಬರು ಹೇಳಿದ ಸಂಗತಿ ಇಲ್ಲಿ ಉಲ್ಲೇಖಾರ್ಹ. ಯಂತ್ರ ಕೂರಿಸಲು ಬಂದ ಇಬ್ಬರು ತಂತ್ರಜ್ಞರನ್ನು ಅವರು ಆದರದಿಂದ ಹೆದ್ದಾರಿಯ ಬದಿಯ ಒಂದು ‘ಅಥೆಂಟಿಕ್ ಚೈನೀಸ್’ ಹೋಟೆಲಿಗೆ ಕರೆದೊಯ್ದರು. ಮಂಚೂರಿ ಬಂತು, ಷೆಜ್ವಾನ್ ನೂಡಲ್ಸ್ ಬಂತು. ಅತಿಥಿಗಳು ಒಂದೊಂದು ತುತ್ತು ತಿಂದು, ಇದು ಯಾವ ದೇಶದ ಅಡುಗೆ ಎಂದು ದುಭಾಷಿಯ ಮೂಲಕ ವಿನಯದಿಂದ ವಿಚಾರಿಸಿದರು. ಮಾರನೆಯ ದಿನದಿಂದ ತಾವೇ ತಂದಿದ್ದ ಪೊಟ್ಟಣದ ನೂಡಲ್ಸಿಗೆ ಬಿಸಿನೀರು ಹಾಕಿಕೊಂಡು ಕಾಲ ಹಾಕತೊಡಗಿದರು. ಕೊನೆಗೆ ಸಮಸ್ಯೆ ಬಗೆಹರಿದದ್ದು ಘಟಕದ ಕ್ಯಾಂಟೀನಿನಲ್ಲಿ. ಅಡುಗೆಯ ಹೆಂಗಸು ದಂಟಿನ ಸೊಪ್ಪನ್ನು ಬಿಡಿಸುತ್ತಿದ್ದುದನ್ನು ಕಂಡ ಒಬ್ಬ ತಂತ್ರಜ್ಞ ಸಂತೋಷದಿಂದ ಕೈಯಲ್ಲೇ ಸನ್ನೆ ಮಾಡಿದನಂತೆ: ತೆಂಗಿನಕಾಯಿ ಬೇಡ, ಸಾಸಿವೆ ಬೇಡ, ಎಣ್ಣೆ, ಬೆಳ್ಳುಳ್ಳಿ, ಉಪ್ಪು ಸಾಕು, ದೊಡ್ಡ ಉರಿಯಲ್ಲಿ ಎರಡು ನಿಮಿಷ. ಅನ್ನ, ಆ ಸೊಪ್ಪು, ಒಂದು ಮೊಟ್ಟೆ, ಕುಡಿಯಲು ಬಿಸಿನೀರು. ಉಳಿದ ದಿನಗಳ ಊಟ ಅದೇ ಆಯಿತು.

ಈ ಸಂಗತಿಯನ್ನು ಕೇಳಿದ ಮೇಲೆ ನಾನು ಹೊಸಕೋಟೆ, ದೊಡ್ಡಬಳ್ಳಾಪುರದ ಸಂತೆಗಳನ್ನು ಬೇರೆ ಕಣ್ಣಿನಿಂದ ನೋಡುತ್ತಿದ್ದೇನೆ. ದಂಟಿನ ಸೊಪ್ಪು ಚೀನಾದ ಮನೆಮನೆಯ ಬೇಸಿಗೆಯ ಊಟ. ಹೀರೆಕಾಯಿ, ಹಾಗಲಕಾಯಿ, ಬೂದುಗುಂಬಳ, ಸೋರೆಕಾಯಿ, ಮೂಲಂಗಿ, ಬದನೆ, ಅಲಸಂದೆಯ ಉದ್ದನೆಯ ಕಾಯಿ, ಶುಂಠಿ, ಈರುಳ್ಳಿ ಹೂವು, ಕೊತ್ತಂಬರಿ, ಎಲ್ಲವೂ ಅಲ್ಲಿನ ನಿತ್ಯದ ಅಡುಗೆಯಲ್ಲಿವೆ. ಬೂದುಗುಂಬಳವನ್ನು ನಾವು ಮಜ್ಜಿಗೆಹುಳಿಗೆ ಹಾಕುತ್ತೇವೆ, ಆಯುಧಪೂಜೆಗೆ ಒಡೆಯುತ್ತೇವೆ. ಅವರು ತಿಳಿಸಾರು ಮಾಡುತ್ತಾರೆ. ಬೆಂಗಳೂರಿನ ತಾರಾ ಹೋಟೆಲುಗಳಿಗಾಗಿ ನಮ್ಮ ರೈತರು ಪಾಲಿಹೌಸುಗಳಲ್ಲಿ ಬ್ರೊಕೋಲಿ, ಚೈನೀಸ್ ಕೋಸು, ಬಣ್ಣದ ದಪ್ಪಮೆಣಸಿನಕಾಯಿಗಳನ್ನೂ ಬೆಳೆಯುತ್ತಾರೆ. ನಿಜವಾದ ಚೀನೀ ಊಟದ ಮುಕ್ಕಾಲು ಪಾಲು ಸಾಮಗ್ರಿ ನಮ್ಮ ಸಂತೆಯಲ್ಲೇ ಇದೆ. ಆದರೆ ನಮ್ಮ ಹೋಟೆಲಿನವರು ಅದನ್ನು ಸಾಸ್ ಬಾಟಲಿಯಲ್ಲಿ ಹುಡುಕುತ್ತಿದ್ದಾರೆ.

ಬಾಟಲಿಯ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಸೋಯಾ ಸಾಸ್ ಎಂದರೆ ಸೋಯಾ ಅವರೆ ಮತ್ತು ಗೋಧಿಯನ್ನು ಬೂಷ್ಟು ಹಿಡಿಸಿ, ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಹುಳಿಸಿ ತೆಗೆದ ರಸ. ಅಗ್ಗದ ಬಗೆಯನ್ನು ಹಾಗೆ ಮಾಡುವುದಿಲ್ಲ. ಸೋಯಾ ಹಿಟ್ಟನ್ನು ಆಮ್ಲದಲ್ಲಿ ಬೇಯಿಸಿ ಕೆಲವೇ ದಿನಗಳಲ್ಲಿ ರಸ ಇಳಿಸಿ, ಸುಟ್ಟ ಸಕ್ಕರೆಯ ಬಣ್ಣ ಸೇರಿಸುತ್ತಾರೆ. ಎರಡೂ ಅಂಗಡಿಯಲ್ಲಿ ಒಂದೇ ಕಪಾಟಿನಲ್ಲಿರುತ್ತವೆ. ನಾಟಿ ತುಪ್ಪಕ್ಕೂ ವನಸ್ಪತಿಗೂ ಇರುವಷ್ಟೇ ಅಂತರ ಇವುಗಳಿಗಿದೆ. ಚೀಟಿಯ ಮೇಲಿನ ಸಾಮಗ್ರಿಗಳ ಪಟ್ಟಿ ಓದಿದರೆ ಗೊತ್ತಾಗುತ್ತದೆ, ಓದುವವರು ಕಡಿಮೆ. ಇನ್ನು ನಾವು ಚೈನೀಸಿನ ಗುರುತೆಂದು ಭಾವಿಸಿರುವ ಟೇಸ್ಟಿಂಗ್ ಪೌಡರ್ ಚೀನಾದ್ದೇ ಅಲ್ಲ. 1908ರಲ್ಲಿ ಜಪಾನಿನ ವಿಜ್ಞಾನಿ ಕಿಕುನಾಯೆ ಇಕೆಡಾ ಕಡಲ ಪಾಚಿಯಿಂದ ಬೇರ್ಪಡಿಸಿದ ವಸ್ತು ಅದು.

‘ಷೆಜ್ವಾನ್’ ಇದಕ್ಕಿಂತ ಸ್ವಾರಸ್ಯಕರ. ಸಿಚುವಾನ್ ಪ್ರಾಂತ್ಯದ ಅಡುಗೆಯ ಜೀವಾಳ ಖಾರವೊಂದೇ ಅಲ್ಲ. ನಾಲಿಗೆಯನ್ನು ಜುಮ್ಮೆನಿಸುವ ಒಂದು ಬಗೆಯ ಮೆಣಸು ಅದರ ಜೊತೆ ಇರಲೇಬೇಕು. ಆ ಜುಮ್ಮು, ಈ ಖಾರ ಎರಡೂ ಸೇರಿದರೆ ಮಾತ್ರ ಅದು ಸಿಚುವಾನ್. ನಮ್ಮ ಹೋಟೆಲುಗಳ ಷೆಜ್ವಾನಿನಲ್ಲಿ ಬೆಳ್ಳುಳ್ಳಿ, ಕೆಂಪು ಮೆಣಸಿನಕಾಯಿ, ವಿನಿಗರ್, ಸಕ್ಕರೆ ಇರುತ್ತವೆ. ಜುಮ್ಮು ಮಾತ್ರ ಇರುವುದಿಲ್ಲ. ವಿಚಿತ್ರವೆಂದರೆ ಆ ಮೆಣಸಿನ ಕುಲಕ್ಕೇ ಸೇರಿದ ಮರ ನಮ್ಮ ಕರಾವಳಿ ಮಲೆನಾಡುಗಳಲ್ಲಿದೆ. ಅದರ ಕಾಯಿಗೆ ಜುಮ್ಮನಕಾಯಿ ಎಂದೇ ಹೆಸರು. ಅಲ್ಲಿಯವರು ಮೀನಿನ ಸಾರಿಗೆ ಹಾಕುತ್ತಾರೆ. ಪರಿಮಳ ಸ್ವಲ್ಪ ಬೇರೆ, ಗುಣ ಅದೇ. ಶಿರಸಿ ಕುಮಟೆಯ ಕಡೆಯ ವ್ಯಾಪಾರಿಗಳೊಡನೆ ಸಂಪರ್ಕವಿರುವ ನಮ್ಮ ಕಿರಾಣಿ ಸದಸ್ಯರು ಒಂದು ಚೀಲ ತರಿಸಿ ಯಾವನಾದರೂ ಸಾಹಸಿ ಬಾಣಸಿಗನ ಕೈಗೆ ಕೊಟ್ಟು ನೋಡಬಾರದೇಕೆ?

ಹೆಸರಿನ ಪ್ರಾಮಾಣಿಕತೆಯ ಪಾಠವನ್ನು ದೊಡ್ಡಬಳ್ಳಾಪುರಕ್ಕೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಮಗ್ಗದ ಊರು ಅದು. ಚೈನಾ ರೇಷ್ಮೆ ಯಾವುದು, ರಾಮನಗರದ ರೇಷ್ಮೆ ಯಾವುದು, ಕೃತಕ ನೂಲು ಯಾವುದು ಎಂಬುದನ್ನು ಅಲ್ಲಿನ ನೇಕಾರರು ಬೆರಳ ತುದಿಯಲ್ಲೇ ಹೇಳಬಲ್ಲರು. ಅಗ್ಗದ ಚೀನೀ ಕಚ್ಚಾ ರೇಷ್ಮೆ ಬಂದಾಗ ಗೂಡು ಬೆಳೆಯುವ ರೈತ ಅತ್ತದ್ದು, ನೇಕಾರ ಒಳಗೊಳಗೇ ಸಮಾಧಾನಪಟ್ಟದ್ದು, ಸುಂಕ ಹೆಚ್ಚಿದಾಗ ಅದು ತಿರುಗುಮುರುಗಾದದ್ದು, ಎಲ್ಲವನ್ನೂ ಈ ಊರು ಕಂಡಿದೆ. ರೇಷ್ಮೆಯ ಹೆಸರಿನಲ್ಲಿ ಏನೇನೋ ಮಾರಾಟವಾಗಿ ಗಿರಾಕಿಯ ನಂಬಿಕೆಯೇ ಸಡಿಲವಾಗತೊಡಗಿದಾಗ ಕೇಂದ್ರ ರೇಷ್ಮೆ ಮಂಡಳಿಯವರು 2004ರಲ್ಲಿ ಸಿಲ್ಕ್ ಮಾರ್ಕ್ ಗುರುತು ಜಾರಿಗೆ ತಂದರು. ಕೃತಕ ನೂಲಿನ ಸೀರೆ ಮಾರುವುದು ಅದರಿಂದ ನಿಲ್ಲಲಿಲ್ಲ, ನಿಲ್ಲಬೇಕಾಗಿಯೂ ಇರಲಿಲ್ಲ. ಅದಕ್ಕೂ ಗಿರಾಕಿ ಇದ್ದಾನೆ. ಅದನ್ನು ರೇಷ್ಮೆ ಎಂದು ಕರೆಯಬಾರದು, ಅಷ್ಟೇ.

ಗೋಬಿ ಮಂಚೂರಿಯ ವಿಷಯದಲ್ಲೂ ನನ್ನ ಅಭಿಪ್ರಾಯ ಅದೇ. ಅದು ಕೀಳಲ್ಲ. ಹೊಸಕೋಟೆ, ಮಾಲೂರಿನ ಹೂಕೋಸಿಗೆ ಅದು ದೊಡ್ಡ ಗಿರಾಕಿ. ಕಾರ್ನ್‌ಫ್ಲೋರ್ ನಮ್ಮ ರಾಜ್ಯ ಹೇರಳವಾಗಿ ಬೆಳೆಯುವ ಮೆಕ್ಕೆಜೋಳದಿಂದಲೇ ಬರುವಂಥದ್ದು. ತಳ್ಳುಗಾಡಿಯೊಂದರಿಂದ ಸಂಸಾರ ಸಾಗಿಸಿ ಮಕ್ಕಳನ್ನು ಓದಿಸಿದವರು ನಮ್ಮ ಊರುಗಳಲ್ಲೇ ಇದ್ದಾರೆ. ಇಷ್ಟು ದೊಡ್ಡ ವ್ಯಾಪಾರವನ್ನು ಪರದೇಶದ ಹೆಸರಿನ ಮರೆಯಲ್ಲಿ ಏಕೆ ನಡೆಸಬೇಕು? ಹೊಸಕೋಟೆಯ ಬಿರಿಯಾನಿಯನ್ನೇ ನೋಡಿ. ನಸುಕಿನಲ್ಲಿ ಬೆಂಗಳೂರಿನಿಂದ ಕಾರು ಮಾಡಿಕೊಂಡು ಬಂದು ಜನ ಸಾಲು ನಿಲ್ಲುತ್ತಾರೆ. ಹೈದರಾಬಾದಿನದೆಂದೋ ಲಖನೌದೆಂದೋ ಫಲಕ ಹಾಕಿಕೊಂಡಿದ್ದರೆ ಆ ಸಾಲು ನಿಲ್ಲುತ್ತಿತ್ತೆಂದು ನನಗನ್ನಿಸುವುದಿಲ್ಲ. ಊರ ಹೆಸರೇ ಅದಕ್ಕೆ ಬಂಡವಾಳವಾಯಿತು.

ಮಂಚೂರಿಗೆ ಆ ಮರ್ಯಾದೆ ಬರದಿರಲು ಕಾರಣ ಬಣ್ಣ. 2024ರ ಮಾರ್ಚಿನಲ್ಲಿ ರಾಜ್ಯದ ಆರೋಗ್ಯ ಇಲಾಖೆ ಪರೀಕ್ಷೆಗೆ ತೆಗೆದುಕೊಂಡ 171 ಗೋಬಿ ಮಂಚೂರಿ ಮಾದರಿಗಳಲ್ಲಿ 107 ಅಸುರಕ್ಷಿತವೆಂದು ಕಂಡುಬಂದವು. ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೊ, ಕಾರ್ಮೊಯಿಸಿನ್ ಎಂಬ ಕೃತಕ ಬಣ್ಣಗಳು ಅವುಗಳಲ್ಲಿದ್ದವು. ಕೂಡಲೇ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿ ಆದೇಶ ಹೊರಟಿತು. ತಪ್ಪಿದರೆ 7 ವರ್ಷಗಳವರೆಗೆ ಸೆರೆ, 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದೆಂದು ಎಚ್ಚರಿಸಲಾಯಿತು. ಅದೇ ವರ್ಷ ಜೂನ್‌ನಲ್ಲಿ ಕಬಾಬಿಗೂ ಈ ನಿಷೇಧ ವಿಸ್ತರಿಸಿತು. ಆ ವಾರಗಳಲ್ಲಿ ಗಾಡಿಗಳ ಮುಂದೆ ಜನವೇ ಇರಲಿಲ್ಲ. ಬಣ್ಣ ಮುಟ್ಟದವನಿಗೂ ಬಣ್ಣ ಹಾಕಿದವನಷ್ಟೇ ಪೆಟ್ಟು ಬಿತ್ತು. ಮಂಡಿಯಲ್ಲಿ ಹೂಕೋಸು ಕೇಳುವವರೂ ಕಡಿಮೆಯಾದರೆ ಆ ಪೆಟ್ಟು ರೈತನ ಹೊಲದವರೆಗೂ ಹೋಗುತ್ತದೆ.

ಇಲ್ಲಿ ಒಂದು ಮಾತು ಹೇಳದೆ ವಿಧಿಯಿಲ್ಲ. ಕೆಂಪು ಬಣ್ಣಕ್ಕಾಗಿ ರಾಸಾಯನಿಕ ಪುಡಿ ಹುಡುಕುವ ಅಗತ್ಯ ಕರ್ನಾಟಕದ ಬಾಣಸಿಗನಿಗೆ ಎಂದೂ ಇರಲಿಲ್ಲ. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬ ಒಂದೇ ಗುಣಕ್ಕಾಗಿ ದೇಶವಿದೇಶಗಳ ಆಹಾರೋದ್ಯಮ ಕೊಳ್ಳುವ ಬ್ಯಾಡಗಿ ಮೆಣಸಿನಕಾಯಿ ನಮ್ಮದೇ. ಅದನ್ನು ನೆನೆಸಿ ರುಬ್ಬಿ ಹಾಕಿದರೆ ಪುಡಿಯಷ್ಟು ಕಣ್ಣು ಕುಕ್ಕುವ ಕೆಂಪು ಬಾರದಿರಬಹುದು. ಖರ್ಚೂ ಒಂದಿಷ್ಟು ಹೆಚ್ಚು. ಆದರೆ ‘ಬ್ಯಾಡಗಿ ಮೆಣಸಿನಕಾಯಿಯ ಮಂಚೂರಿ’ ಎಂದು ಫಲಕ ಬರೆಸಿದರೆ ಅದು ಸತ್ಯವೂ ಆಗುತ್ತದೆ, ಜಾಹೀರಾತೂ ಆಗುತ್ತದೆ.

ಇನ್ನು ನಿಜವಾದ ಚೀನೀ ಊಟದ ವ್ಯಾಪಾರ ಮಾಡಬಯಸುವವರಿಗೆ ಎರಡು ಮಾತು. ಚೀನೀ ಅಡುಗೆ ಎಂಬ ಒಂದೇ ಅಡುಗೆ ಇಲ್ಲ. ಅವರು ಎಂಟು ದೊಡ್ಡ ಸಂಪ್ರದಾಯಗಳನ್ನು ಎಣಿಸುತ್ತಾರೆ. ಗ್ವಾಂಗ್‌ಡಾಂಗಿನವನಿಗೆ ಸಿಚುವಾನಿನ ಖಾರ ಕಷ್ಟ, ಮಂಗಳೂರಿನವರಿಗೆ ಬಿಜಾಪುರದ ಊಟ ಬೇರೆಯಾದಂತೆಯೇ. ಹಾಗಾಗಿ ಎಲ್ಲವನ್ನೂ ಮಾಡುತ್ತೇವೆಂದು ನೂರೈವತ್ತು ಬಗೆಯ ಪಟ್ಟಿ ಅಚ್ಚು ಹಾಕಿಸುವುದು ವ್ಯರ್ಥ. ಹತ್ತು ಬಗೆ ಸಾಕು: ಬಿಳಿ ಅನ್ನ, ಗಂಜಿ, ಬೆಳ್ಳುಳ್ಳಿಯ ಸೊಪ್ಪು, ಆವಿಯಲ್ಲಿ ಬೇಯಿಸಿದ ಮೊಟ್ಟೆ ಮತ್ತು ಮೀನು, ಬೂದುಗುಂಬಳದ ತಿಳಿಸಾರು, ಟೊಮೆಟೊ ಮೊಟ್ಟೆಯ ಪಲ್ಯ, ಇಂಥವು. ಆಮದು ಸಾಮಗ್ರಿ ಕನಿಷ್ಠವಿರಲಿ. ಏಕೆಂದರೆ ಸಾಮಾನ್ಯ ಹೋಟೆಲುಗಳು ಶೇಕಡ 5ರ ಜಿಎಸ್‌ಟಿಯಲ್ಲಿ ನಡೆಯುವಾಗ ಕೊಂಡ ಸಾಮಗ್ರಿಯ ಮೇಲೆ ಕಟ್ಟಿದ ತೆರಿಗೆ ಹಿಂದಕ್ಕೆ ಬರುವುದಿಲ್ಲ. ಆಮದು ಬಾಟಲಿಯ ಸುಂಕ, ತೆರಿಗೆ ಎರಡೂ ನೇರವಾಗಿ ಖರ್ಚಿನ ಲೆಕ್ಕಕ್ಕೆ ಬೀಳುತ್ತವೆ. ಒಳ್ಳೆಯ ಸೋಯಾ ಸಾಸ್, ಅಕ್ಕಿಯ ವಿನಿಗರ್, ಎಳ್ಳೆಣ್ಣೆ, ಹುಳಿಸಿದ ಅವರೆಯ ಖಾರದ ಹಿಟ್ಟು, ನಾಲ್ಕು ಸಾಕು.

ಬಾಣಲೆಯ ಒಲೆ ಮಾತ್ರ ಬೇರೆಯೇ ಬೇಕು. ಮನೆಯ ಗ್ಯಾಸ್ ಒಲೆಯ ಹಲವು ಪಟ್ಟು ಉರಿ ಇಲ್ಲದಿದ್ದರೆ ಸೊಪ್ಪು ನೀರು ಬಿಟ್ಟುಕೊಂಡು ಬೇಯುತ್ತದೆಯೇ ವಿನಾ ಹುರಿಯುವುದಿಲ್ಲ. ಇಂಥ ಒಲೆ, ಸ್ಟೀಲಿನ ಕಟ್ಟೆ, ಆವಿಪೆಟ್ಟಿಗೆಗಳನ್ನು ಪೀಣ್ಯದ ಸಣ್ಣ ಘಟಕಗಳೇ ತಯಾರಿಸಿಕೊಡುತ್ತವೆ. ನೆಲಮಂಗಲದ ಕಡೆಯ ನಮ್ಮ ಫ್ಯಾಬ್ರಿಕೇಶನ್ ಸದಸ್ಯರಿಗೂ ಇದು ಅಸಾಧ್ಯವಾದದ್ದಲ್ಲ. ಬಾಣಸಿಗರ ವಿಷಯ ಕಷ್ಟದ್ದು. ನಮ್ಮಲ್ಲಿ ಚೈನೀಸ್ ಮಾಸ್ಟರ್ ಎನಿಸಿಕೊಂಡವರಲ್ಲಿ ನೇಪಾಳ, ಡಾರ್ಜಿಲಿಂಗ್, ಈಶಾನ್ಯ ರಾಜ್ಯಗಳಿಂದ ಬಂದ ಹುಡುಗರೇ ಬಹಳ. ಕೈಚಳಕ ಅಪಾರ, ಆದರೆ ಅವರು ಕಲಿತದ್ದು ಕಲ್ಕತ್ತೆಯ ಪರಂಪರೆಯನ್ನೇ. ಅತಿಥಿಯಾಗಿ ಬಂದ ತಂತ್ರಜ್ಞರನ್ನೇ ಒಂದು ಭಾನುವಾರ ಅಡುಗೆಮನೆಗೆ ಕರೆದು ಹತ್ತು ಬಗೆ ತೋರಿಸಿಕೊಡಿ ಎಂದರೆ ಬಹುಶಃ ಯಾರೂ ಬೇಡವೆನ್ನರು. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿಯ ಮೇಲೆ ಹೊಸಕೋಟೆಗೆ ಉಪನಗರ ವರ್ತುಲ ರಸ್ತೆ ಆಗಿರುವುದರಿಂದ ಒಂದೇ ಅಡುಗೆಮನೆಯಿಂದ ಮೂರು ಕೈಗಾರಿಕಾ ಪ್ರದೇಶಗಳಿಗೆ ಮಧ್ಯಾಹ್ನದ ಊಟದ ಡಬ್ಬಿ ಕಳುಹಿಸುವುದೂ ಈಗ ಸಾಧ್ಯ. ದೊಡ್ಡ ಕಾರ್ಖಾನೆಗಳು ತಮ್ಮದೇ ವ್ಯವಸ್ಥೆ ಮಾಡಿಕೊಳ್ಳುತ್ತವೆ. ನಾನು ಹೇಳುತ್ತಿರುವುದು ಐದಾರು ಮಂದಿ ಅತಿಥಿಗಳನ್ನು ಇಟ್ಟುಕೊಂಡು ಏನು ಬಡಿಸಬೇಕೆಂದು ತಿಳಿಯದೆ ಪರದಾಡುವ ಸಣ್ಣ ಘಟಕಗಳ ಬಗ್ಗೆ.

ದೇವನಹಳ್ಳಿಯ ಚಕ್ಕೋತ ಹಣ್ಣಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇದೆ. ವಿಮಾನ ನಿಲ್ದಾಣ, ಬಡಾವಣೆಗಳ ನಡುವೆ ಅದರ ತೋಟಗಳು ಕರಗುತ್ತಾ ಬಂದಿವೆ. ಚೀನಾ, ತೈವಾನುಗಳಲ್ಲಿ ಶರತ್ಕಾಲದ ಹುಣ್ಣಿಮೆ ಹಬ್ಬಕ್ಕೆ ಚಂದ್ರನ ಆಕಾರದ ಕಡುಬಿನ ಜೊತೆ ಮನೆಮಂದಿಯೆಲ್ಲ ಕೂತು ಸುಲಿದು ತಿನ್ನುವ ಹಣ್ಣು ಇದೇ. ಆ ಹಬ್ಬದ ದಿನಗಳಲ್ಲಿ ತವರಿನಿಂದ ದೂರವಾಗಿ ನಮ್ಮ ತಾಲ್ಲೂಕಿನಲ್ಲಿ ದುಡಿಯುವವರಿಗೆ ಈ ಹಣ್ಣು ನಾಲ್ಕು ಮೈಲಿ ಆಚೆಯ ತೋಟದಲ್ಲಿದೆ ಎಂಬುದು ತಿಳಿದಿರಲಾರದು. ತೋಟದವರಿಗೂ ಇಂಥ ಗಿರಾಕಿಗಳು ಪಕ್ಕದಲ್ಲೇ ಇದ್ದಾರೆಂದು ತಿಳಿಯದು. ‘ಅಥೆಂಟಿಕ್ ಚೈನೀಸ್’ ಫಲಕದ ಯಾವ ಹೋಟೆಲಿನ ಗಲ್ಲಾದ ಬಳಿಯೂ ನಾನು ಇದುವರೆಗೆ ಒಂದು ಚಕ್ಕೋತವನ್ನು ಕಂಡಿಲ್ಲ.